ತವರಿನ ಮೂರು ಕುರಿ

ಹೇಳಬೇಕಾದ ಮಾತನ್ನು ಮುಂದಕ್ಕೆ ಹಾಕುತ್ತಾ ಹಾಕುತ್ತಾ ನಾನು ಮುದುಕನಾದೆ. ರಾಗಿ ಕಣ ಮುಗಿಯಲಿ ಅಂದುಕೊಂಡೆ, ಮಗನ ಮದುವೆ ಮುಗಿಯಲಿ ಅಂದುಕೊಂಡೆ, ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಅಂದುಕೊಂಡೆ. ಪೊರೆ ತೆಗೆಸಿದ ಮೇಲೂ ಮಳೆಗಾಲಗಳು ಕಳೆದವು. ಈಗ ನೆಪ ಸಿಗುತ್ತಿಲ್ಲ.

ನನ್ನ ಭಾವನ ಅಂಗಾಲು ಸದಾ ಬೆಳ್ಳಗಿರುತ್ತಿತ್ತು. ಕುರಿದೊಡ್ಡಿಯ ಬಾಗಿಲಲ್ಲಿ ಒಂದು ತಗ್ಗು ತೆಗೆದು ಅದರ ತುಂಬ ಸುಣ್ಣದ ಪುಡಿ ಹಾಕಿಟ್ಟಿದ್ದರು. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅದನ್ನು ತುಳಿದೇ ದಾಟಬೇಕು. ಹಿಮ್ಮಡಿಯ ಬಿರುಕುಗಳಲ್ಲಿ ಆ ಸುಣ್ಣ ಕೂತುಬಿಟ್ಟಿತ್ತು. ಹೊಳೆಯಲ್ಲಿ ಕಲ್ಲಿಗೆ ಉಜ್ಜಿದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತರೆ ಎದುರಿನವರು ಇವರನ್ನು ಗೋಡೆಗೆ ಸುಣ್ಣ ಬಳಿಯುವವರು ಅಂದುಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಕೇಳಿಯೇಬಿಟ್ಟ, "ಯಾವೂರಲ್ಲಿ ಕೆಲ್ಸ ಯಜಮಾನ್ರೆ? ನಮ್ಮನೆಗೂ ಬಳೀಬೇಕಿತ್ತು." ಭಾವ ನಗಲಿಲ್ಲ. "ನಾನು ಕುರಿಗೆ ಮಾತ್ರ ಬಳ್ಯೋದು ಕಣ್ರೀ, ಮನ್ಸರಿಗೆ ಬಳಿದ್ರೆ ನಿಲ್ಲಕಿಲ್ಲ" ಅಂದರು.

ಅವರದು ಸೋಸಲೆಯ ಕಡೆ, ಕಾವೇರಿ ದಂಡೆಯ ಸಣ್ಣ ಊರು. ನಮ್ಮದು ಬಿಳಿಗೆರೆಯಿಂದ ಇನ್ನೂ ಒಳಕ್ಕೆ. ನನ್ನ ಅಕ್ಕನನ್ನು ಅವರಿಗೆ ಕೊಟ್ಟಾಗ ನಾನು ಹೈಸ್ಕೂಲಿನಲ್ಲಿದ್ದೆ. ಮದುವೆಯ ಮಾರನೆಯ ದಿನವೇ ನನ್ನನ್ನು ದೊಡ್ಡಿಗೆ ಕರೆದುಕೊಂಡು ಹೋಗಿ ತಮ್ಮ ಟಗರನ್ನು ತೋರಿಸಿದರು. ಅಪ್ಪಟ ಬನ್ನೂರು ತಳಿ. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಹಿಂದಿನಿಂದ ನೋಡಿದರೆ ಎರಡು ಗಡಿಗೆ ಜೋಡಿಸಿಟ್ಟ ಹಾಗೆ. "ಹೆಂಗದೆ?" ಅಂದರು. "ಚೆನ್ನಾಗಿದೆ ಭಾವ" ಅಂದೆ. ನಾನು ಇನ್ನೂ ಹೆಚ್ಚು ಹೊಗಳಲಿಲ್ಲವೆಂದು ಮಧ್ಯಾಹ್ನದ ಊಟದವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಹಾಗಿತ್ತು ಅವರ ಸ್ವಭಾವ. ಬೇಗ ಮುನಿಸು, ಬೇಗ ಕರಗುವುದು. ಜಿಪುಣ ಅಂತಲೇ ಹೆಸರು. ಇಸ್ಪೀಟಿನಲ್ಲಿ ಸದಾ ಸೋಲುತ್ತಿದ್ದರು, ಸೋತಾಗ ಎಲೆ ಹಂಚಿದವನನ್ನು ಬೈಯುತ್ತಿದ್ದರು. ನೆಗಡಿಯಾದರೆ ಸಾಯುತ್ತೇನೆಂದು ಹೆದರಿ ಅಕ್ಕನಿಂದ ಮೂರು ಹೊತ್ತೂ ಮೆಣಸಿನ ಕಷಾಯ ಮಾಡಿಸುತ್ತಿದ್ದರು. ಕುರಿಯ ವಿಷಯ ಬಂದರೆ ಮಾತ್ರ ಬೇರೆಯೇ ಮನುಷ್ಯ.

ಗಬ್ಬದ ಕುರಿ ದಿನ ತುಂಬುವ ಮೊದಲೇ ಮರಿಯನ್ನು ಕೆಡವುವುದಕ್ಕೆ ನಮ್ಮ ಕಡೆ ಕಂದು ಹಾಕುವುದು ಎನ್ನುತ್ತಾರೆ. ಒಂದು ಹಾಕಿದರೆ ಕಾಲು ಜಾರಿತ್ತು, ಗುದ್ದಾಡಿತ್ತು ಅನ್ನಬಹುದು. ಒಂದರ ಹಿಂದೆ ಒಂದು ಹಾಕತೊಡಗಿದರೆ ಅದು ಅಂಟುರೋಗ. ಭಾವನ ಅಪ್ಪನ ಕಾಲದಲ್ಲಿ ಅವರ ಹಿಂಡು ಹಾಗೆಯೇ ಹಾಳಾಗಿತ್ತಂತೆ. ಆ ವರ್ಷ ದೊಡ್ಡಿಯಲ್ಲಿ ಒಂದು ಮರಿಯ ದನಿಯೂ ಕೇಳಲಿಲ್ಲವೆಂದು ಭಾವ ಹೇಳುತ್ತಿದ್ದರು. ಅದಕ್ಕೇ ಮುಂದೆ ಪಶು ಆಸ್ಪತ್ರೆಯ ಡಾಕ್ಟರು ಹೇಳಿಕೊಟ್ಟದ್ದನ್ನು ದೇವರ ಮಾತಿನಂತೆ ಹಿಡಿದುಕೊಂಡರು. ಬಾಗಿಲ ತಗ್ಗಿನ ಸುಣ್ಣವೂ ಅದಕ್ಕೇ. ಹೊಸ ಕುರಿ ಯಾವುದೇ ಬರಲಿ, ಮೊದಲು ಹಿತ್ತಲಿನ ಬೇರೆ ದೊಡ್ಡಿಗೆ. ಅಲ್ಲಿ ಅದು ಒಂದು ಸಲ ನೆಟ್ಟಗೆ ಈದು, ಮರಿ ಎದ್ದು ಹಾಲು ಕುಡಿದ ಮೇಲಷ್ಟೇ ಹಿಂಡಿಗೆ ಪ್ರವೇಶ. ಕಂದು ಬಿದ್ದರೆ ಅದನ್ನೂ ಜೊತೆಗೆ ಬೀಳುವ ಮಾಸು, ಕಸವನ್ನೂ ಆಳದ ಗುಂಡಿಗೆ ಹಾಕಿ, ಸುಣ್ಣ ಸುರಿದು, ಮೇಲೆ ಜಾಲಿಮುಳ್ಳು ಹೇರುವುದು, ನಾಯಿ ಕೆದಕಬಾರದೆಂದು. ಬಸುರಿ ಹೆಂಗಸರು ಈಯುವ ಕುರಿಯ ಹತ್ತಿರ ಸುಳಿಯುವಂತಿಲ್ಲ. ತಮ್ಮ ಟಗರನ್ನು ಯಾರ ಹಿಂಡಿಗೂ ಬಿಡರು, ಯಾರ ಟಗರನ್ನೂ ಹತ್ತಿರ ಸೇರಿಸರು. ಎಲ್ಲ ಕುರಿಯೂ ಒಂದೇ ಕಾಲದಲ್ಲಿ ಈಯಲಿ, ಯಾವುದು ತಪ್ಪಿತೆಂದು ತಿಳಿಯಲಿ ಎಂದು, ಬಿಡುವ ಕಾಲ ಬರುವವರೆಗೆ ಟಗರಿನ ಹೊಟ್ಟೆಯಡಿಗೆ ಗೋಣಿತಾಟು ಕಟ್ಟುತ್ತಿದ್ದರು.

ಊರಿನವರಿಗೆ ಅದೇ ತಮಾಷೆ. "ಏನಣ್ಣ, ನಿನ್ ಟಗರು ಸನ್ನೇಸಿ ಆಗೋಯ್ತಾ? ಲಂಗೋಟಿ ಬಿಗ್ದಿದೀಯ?" ಎಂದು ಅರಳಿಕಟ್ಟೆಯಿಂದ ಕೂಗುತ್ತಿದ್ದರು.

"ನಿಂಗೂ ಒಂದು ವಲ್ಸಿ ಕೊಡ್ಲೇನ್ಲಾ? ನಿನ್ ಎಂಡ್ರು ಮೊನ್ನೆ ಕೇಳ್ತಿದ್ಲು" ಅನ್ನುತ್ತಿದ್ದರು ಭಾವ. ಕಟ್ಟೆಯೆಲ್ಲ ನಗುತ್ತಿತ್ತು. ಟಗರು ಕೇಳಿಕೊಂಡು ಬಂದವರು ಮಾತ್ರ ನಗುತ್ತಿರಲಿಲ್ಲ. ಇಲ್ಲವೆನ್ನಿಸಿಕೊಂಡು ಹೋಗುವಾಗ ಏನೇನೋ ಆಡಿಕೊಂಡು ಹೋಗುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಕುರಿಗಳನ್ನು ನಾನು ನೋಡಿಕೊಂಡೆ. ನಾನು ಭಾವನಂತೆ ಇರಲಿಲ್ಲ. ಎಲ್ಲರ ಹಿಂಡಿನ ಜೊತೆ ನಮ್ಮದೂ ಮೇಯುತ್ತಿತ್ತು, ಎಲ್ಲರ ಟಗರೂ ನಮ್ಮ ಹಿಂಡಿನಲ್ಲಿ ಓಡಾಡುತ್ತಿತ್ತು. ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಅವರೆಕಾಯಿಯ ಕಾಲದಲ್ಲಿ, ನಮ್ಮ ಕುರಿಗಳು ಕಂದು ಹಾಕತೊಡಗಿದವು. ಮೊದಲನೆಯದನ್ನು ತಿಪ್ಪೆಗೆ ಎಸೆದೆ. ನಾಯಿ ಎಳೆದುಕೊಂಡು ಹೋಯಿತು. ಎರಡನೆಯದು, ಮೂರನೆಯದು ಆದಾಗ ಆಸ್ಪತ್ರೆಗೆ ಹೋದೆ. ಡಾಕ್ಟರು ಭಾವ ಹೇಳುತ್ತಿದ್ದ ಮಾತುಗಳನ್ನೇ ಹೇಳಿದರು. ಕಂದು ಹಾಕಿದವನ್ನು ಬೇರೆ ಮಾಡು, ಗಬ್ಬ ಉಳಿದವನ್ನೂ ನಂಬಬೇಡ, ರಕ್ತ ಪರೀಕ್ಷೆ ಆಗುವವರೆಗೆ ಒಂದು ಕುರಿಯನ್ನೂ ಇನ್ನೊಬ್ಬರ ಹಿಂಡಿಗೆ ಕೊಡಬೇಡ ಅಂದರು. ತಲೆಯಾಡಿಸಿ ಬಂದೆ. ಊರಲ್ಲಿ ಯಾರಿಗೂ ಹೇಳಲಿಲ್ಲ. ಗೊತ್ತಾದರೆ ನಮ್ಮ ಕುರಿಯನ್ನು ಯಾರೂ ಮುಟ್ಟರು ಎಂಬ ಭಯ.

ಅದೇ ಹೊತ್ತಿಗೆ ಅಕ್ಕನ ಮಗಳು ಮೈನೆರೆದಳು. ನಮ್ಮಲ್ಲಿ ಸೋದರಮಾವನೇ ಹಸಿ ಸೊಪ್ಪಿನ ಗುಡಿಸಲು ಕಟ್ಟಬೇಕು, ಆರತಿಯ ದಿನ ತವರಿನ ಉಡುಗೊರೆ ಹೊತ್ತು ಹೋಗಬೇಕು. ಸೀರೆ, ಕೊಬ್ಬರಿ, ಬೆಲ್ಲ, ಎಳ್ಳು ಎಲ್ಲ ಎಲ್ಲರೂ ಕೊಡುವುದೇ. ನಮ್ಮಪ್ಪ ಇದ್ದಾಗ ಎಲ್ಲರ ಮುಂದೆ ಹೇಳಿದ್ದ, "ಮೊಮ್ಮಗ್ಳು ದೊಡ್ಡೋಳಾದಾಗ ಮೂರು ಗಬ್ಬದ್ ಕುರಿ ವಡ್ಕೊಂಡ್ ಬತ್ತೀನಿ" ಅಂತ. ಆ ಮಾತು ನನ್ನ ಮೇಲಿತ್ತು.

ಇಲ್ಲಿ ನಾನು ಮಾಡಿದ ಲೆಕ್ಕಾಚಾರವನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಇಲ್ಲೇ ಇದ್ದರೆ ಈ ಕುರಿಗಳು ಹೇಗೂ ಹಾಳು, ಅಲ್ಲಿಗೆ ಹೋದರೆ ಅಪ್ಪನ ಮಾತಾದರೂ ಉಳಿಯುತ್ತದೆ ಎಂದುಕೊಂಡೆ. ಗಬ್ಬವಿದ್ದ ಎರಡನ್ನು ಆರಿಸಿದೆ. ಮೂರನೆಯದು ನಮ್ಮ ಹಿಂಡಿನಲ್ಲೇ ಚೆಂದದ ಕುರಿ, ಆದರೆ ಸ್ವಲ್ಪ ದಿನದ ಕೆಳಗಷ್ಟೇ ಕಂದು ಹಾಕಿತ್ತು. ಮೇದು ಮೈ ತುಂಬಿಕೊಂಡಿತ್ತು, ನೋಡಿದವರು ಗಬ್ಬವೆಂದೇ ಅನ್ನುತ್ತಿದ್ದರು. ಅದರ ಬಾಲದ ಉಣ್ಣೆ ಇನ್ನೂ ಕೊಳೆಯಾಗಿತ್ತು. ಸೀಗೆಕಾಯಿ ಹಾಕಿ ತೊಳೆದು, ಅರಿಶಿನ ಹಚ್ಚಿದೆ.

ಭಾವನ ಊರಿನ ಬಾಗಿಲಲ್ಲಿ ಟೆಂಪೊ ಇಳಿದಾಗ ತಮಟೆಯವರು ಕಾದಿದ್ದರು. ಕುರಿಗಳ ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ಕುಂಕುಮ. ತಮಟೆಯ ಹಿಂದೆ ಹೆಂಗಸರು, ಅವರ ಹಿಂದೆ ನಾವು. ಮನೆಯ ಮುಂದೆ ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮದುವೆಯ ದಿನವೂ ಅವಳ ಮುಖ ಅಷ್ಟು ಅರಳಿದ್ದು ನನಗೆ ನೆನಪಿಲ್ಲ. ಕುರಿಗಳಿಗೆ ಆರತಿ ಎತ್ತಿ, ಪಕ್ಕದಲ್ಲಿದ್ದ ಓರಗಿತ್ತಿಗೆ ಹೇಳಿದಳು, "ನೋಡಕ್ಕ, ನಮ್ಮಪ್ಪ ಸತ್ರೂವೆ ಮಾತು ತಪ್ಪನಿಲ್ಲ."

ಭಾವ ಪಂಚೆ ಎತ್ತಿಕಟ್ಟಿ ಕುರಿಗಳ ಸುತ್ತ ಒಂದು ಸುತ್ತು ಬಂದರು. ಆ ಚೆಂದದ ಕುರಿಯ ಹಿಂದೆ ನಿಂತರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ, "ಬಾಮೈದ, ಬೇಜಾರ್ ಮಾಡ್ಕಬೇಡ. ಇವುನ್ನ ಸ್ವಲ್ಪ ದಿನ ಇತ್ಲಲ್ಲಿ ಕಟ್ಟಾನ" ಅಂದರು.

ಓರಗಿತ್ತಿಯ ಕಿವಿ ಚುರುಕು. "ಅಯ್ ಸಿವನೆ, ತವರ್ಮನೆ ಕುರಿಗೆ ಇತ್ಲು, ತವರ್ಮನೆ ಮಗಳಿಗೆ ನಡುಮನೆ. ನಿನ್ನೂ ಆಗ್ಲೇ ಇತ್ಲಲ್ಲಿ ಮಡಗ್ಬೇಕಾಗಿತ್ತು ಕಣಮ್ಮಿ" ಎಂದು ಅಕ್ಕನ ಗಲ್ಲ ಚಿವುಟಿದಳು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಕ್ಕನ ಕೈಯ ತಟ್ಟೆ ವಾಲಿತು.

ಭಾವ ಹೇಳಿದ್ದು ಸರಿಯೆಂದು ಅಲ್ಲಿದ್ದವರಲ್ಲೆಲ್ಲ ಚೆನ್ನಾಗಿ ಗೊತ್ತಿದ್ದವನು ನಾನೊಬ್ಬನೇ. ದನಿ ಏರಿಸಿದವನೂ ನಾನೇ. "ಏನ್ ಬಾವ, ನಮ್ ಕುರಿ ಅಂದ್ರೆ ಅಷ್ಟು ಕೀಳಾ? ಬ್ಯಾಡ ಅಂದ್ರೆ ಏಳಿ, ಇಂಗೇ ವಾಪಸ್ ವಡ್ಕೊಂಡ್ ವೋಯ್ತೀನಿ."

"ಕೀಳು ಅಂತ ಯಾರ್ಲಾ ಅಂದದ್ದು? ಸಂತೇಲಿ ತಂದ ಕುರೀನೂ ಅಲ್ಲೇ ಅದೆ. ನನ್ ಸ್ವಂತ ಕುರೀನೂ ಒರಗಡೆಯಿಂದ ಬಂದ್ರೆ ಅಲ್ಲೇ."

"ಸಂತೆ ಕುರೀನೂ ತವರಿನ್ ಕುರೀನೂ ಒಂದೇನಾ?"

ತಮಟೆ ನಿಂತಿತು. ಭಾವ ನನ್ನ ಮುಖವನ್ನೇ ನೋಡಿದರು. "ಒಂದ್ ಮಾತು ಏಳ್ಬುಡು ಸಾಕು. ನಿಮ್ ಇಂಡಲ್ಲಿ ಯಾವ್ದಾರ ಕಂದಾಕದಾ?"

"ನಮ್ಮಪ್ಪನ್ ಕಾಲ್ದಿಂದ ಒಂದೂ ಆಕಿಲ್ಲ" ಅಂದೆ. ಜೋರಾಗಿ, ಊರೆಲ್ಲ ಕೇಳುವ ಹಾಗೆ.

ಭಾವ ಅಕ್ಕನ ಕಡೆ ತಿರುಗಿದರು. ಅವಳು ಅವರನ್ನೇ ನೋಡುತ್ತಿದ್ದಳು. ಅವರು ಹೋಗಿ ದೊಡ್ಡಿಯ ಅಗುಳಿ ತೆಗೆದರು. ಹಾರ ಹಾಕಿಕೊಂಡ ಮೂರು ಕುರಿಗಳು ಸುಣ್ಣದ ತಗ್ಗನ್ನು ಹಾರಿ ಒಳಗೆ ಹೋದವು. ತಮಟೆ ಮತ್ತೆ ಶುರುವಾಯಿತು.

ನೆಂಟರು ಹೋದ ಮೇಲೂ ಆ ಕುರಿಗಳು ಹಿಂಡಿನಲ್ಲೇ ಉಳಿದವು. ಬಂದವರಿಗೆಲ್ಲ ಅಕ್ಕ ಕರೆದು ತೋರಿಸುತ್ತಿದ್ದಳಂತೆ, "ಅದೋ, ಆ ಮೂರು ನಮ್ಮೋವು" ಅಂತ. ಶಿವರಾತ್ರಿಯ ಹೊತ್ತಿಗೆ ನಾನು ಕೊಟ್ಟ ಗಬ್ಬದ ಕುರಿಗಳಲ್ಲಿ ಒಂದು ದೊಡ್ಡಿಯೊಳಗೇ ಕಂದು ಹಾಕಿತು. ಭಾವ ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಉಳಿದ ಕುರಿಗಳು ಅದನ್ನು ಮೂಸಿ, ನೆಕ್ಕಿ, ತುಳಿದು ಆಗಿತ್ತು. ಆಮೇಲೆ ಅವರ ಸ್ವಂತ ಕುರಿಗಳು ಸಾಲುಸಾಲಾಗಿ ಕೆಡವತೊಡಗಿದವು. ಯಾವ ಹಿಂಡಿಗೆ ಅಷ್ಟು ವರ್ಷ ಹೊರಗಿನ ಗಾಳಿಯನ್ನೂ ಸೋಕಿಸಿರಲಿಲ್ಲವೋ ಆ ಹಿಂಡು.

ಸುದ್ದಿ ಕೇಳಿ ನಾನು ಹೋದಾಗ ಭಾವ ಬರಿಗೈಯಲ್ಲಿ ಬಿದ್ದದ್ದನ್ನೆಲ್ಲ ಬಾಚಿ ಗುಂಡಿಗೆ ಹಾಕುತ್ತಿದ್ದರು. ಕೈ ಮೊಣಕೈವರೆಗೆ ಗಲೀಜು. ಡಾಕ್ಟರು ಬಂದು ರಕ್ತ ತೆಗೆದುಕೊಂಡು ಹೋದರು. ವರದಿಯಲ್ಲಿ ಹಿಂಡಿನ ಬಹುಪಾಲಿಗೆ ರೋಗವಿತ್ತು, ಟಗರಿಗೂ ಇತ್ತು. ಸಾಕುವುದಕ್ಕೆ ಯಾರಿಗೂ ಕೊಡಬೇಡಿ, ನಿಮ್ಮ ಕಣ್ಣೆದುರಿಗೇ ಕುಯ್ಯಿಸಿ ಅಂದರು ಡಾಕ್ಟರು. ಊರಿನ ಬುದ್ಧಿವಂತರು ಬಂದು ಬೇರೆ ಮಾತು ಹೇಳಿದರು. "ಯಾವನಿಗ್ ಗೊತ್ತಾಯ್ತದೆ ಅಣ್ಣ? ದೂರದ್ ಸಂತೆಗೆ ವಡ್ಕೊಂಡೋಗಿ ಕೈ ತೊಳ್ಕಂಡ್ ಬಾ."

"ನನ್ ಮನೆ ಬೆಂಕಿ ತಗಂಡೋಗಿ ಕಂಡೋರ್ ಮನೆ ಸೂರಿಗೆ ಮಡಗ್ಲಾ?" ಅಂದರು ಭಾವ.

ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ. ಆ ಮಾತು ನನಗೇ ಹೇಳಿದ್ದೋ ಏನೋ ಎಂದು ತಲೆ ಎತ್ತಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ.

ಹಿಂಡನ್ನೆಲ್ಲ ಕಟುಕನಿಗೆ ಕೊಟ್ಟರು, ಟಗರನ್ನು ಕೊನೆಗೆ. ಹಗ್ಗ ಕಟುಕನ ಕೈಗೆ ಕೊಡುವಾಗ ಅದರ ಹೊಟ್ಟೆಯ ಗೋಣಿತಾಟನ್ನು ಬಿಚ್ಚಿ, ಮಡಿಸಿ, ಒಲೆಗೆ ಹಾಕಿದರು. ಅವತ್ತು ಊಟಕ್ಕೆ ಕೂತಾಗ ಅಕ್ಕ ಅನ್ನ ಬಡಿಸುತ್ತಾ ಕೇಳಿದಳು, "ಎಲ್ಲಿಂದ ಬಂತು ಈ ಆಳಾದ್ ಕಾಯ್ಲೆ? ಇಷ್ಟ್ ವರ್ಸ ಇಲ್ದಿದ್ದು?"

ಭಾವ ತಲೆ ಎತ್ತದೆ, "ಸಂತೇಲಿ ಒಂದು ಕುರಿ ತಂದಿದ್ನಲ್ಲ, ಅದ್ರಿಂದ. ಬಡ್ಡೀಮಗಂದು, ನಾನೇ ಸರಿಯಾಗ್ ನೋಡ್ನಿಲ್ಲ" ಅಂದರು.

ಆ ಸಂತೆ ಕುರಿ ಇನ್ನೂ ಹಿತ್ತಲ ದೊಡ್ಡಿಯಲ್ಲೇ ಇತ್ತು. ನೆಟ್ಟಗೆ ಈದು, ಅದರ ಮರಿ ಹಿತ್ತಲೆಲ್ಲ ಕುಣಿಯುತ್ತಿತ್ತು. ಆ ಮರಿ ಕಣ್ಣೆದುರಿಗಿದ್ದರೂ ಅದರ ಅರ್ಥ ಅಕ್ಕನಿಗೆ ಎಲ್ಲಿ ಗೊತ್ತು? ಅವಳು ಅನ್ನದ ಪಾತ್ರೆ ಕುಕ್ಕಿದಳು. "ಊರಿಗೆಲ್ಲ ಬುದ್ದಿ ಏಳೋ ಮನ್ಸ, ತನ್ ಮನೆ ತಾನೇ ತೆಗ್ದ. ಪಾಪ, ನಮ್ಮಪ್ಪನ್ ಮನೆ ಕುರೀನೂ ಕೊಂದಾಕ್ಬುಟ್ಟ" ಎಂದು ಅಳುತ್ತಾ ಒಳಗೆ ಹೋದಳು. ಭಾವ ಮಜ್ಜಿಗೆ ಕಲಸಿಕೊಂಡು ಊಟ ಮುಗಿಸಿದರು. ನಾನೂ ಮುಗಿಸಿದೆ.

ಅವರು ಮತ್ತೆ ಕುರಿ ಕಟ್ಟಲಿಲ್ಲ. ನರಸೀಪುರದ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಒಣಹಾಕುವ ಕೆಲಸಕ್ಕೆ ಸೇರಿದರು. ಆ ಬೇಸಿಗೆಯಲ್ಲೇ ಒಂದು ಜ್ವರ ಹಿಡಿಯಿತು. ಬರುವುದು, ಬೆವರುವುದು, ಹೋಗುವುದು, ಮತ್ತೆ ಬರುವುದು. ಸೊಂಟ, ಮಂಡಿ ಹಿಡಿದುಕೊಂಡವು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ, "ಕುರಿ ಕಂದು ಹಾಕಿದ್ದನ್ನು ಬರಿಗೈಲಿ ಮುಟ್ಟಿದ್ರಾ?" ಎಂದು ಕೇಳಿದರಂತೆ. ಮಾತ್ರೆ ಬಹಳ ದಿನ ನುಂಗಬೇಕಿತ್ತು. ಸ್ವಲ್ಪ ಗುಣವಾದಂತೆ ಕಂಡಾಗ ನಿಲ್ಲಿಸಿಬಿಟ್ಟರು. ನೆಗಡಿಗೆ ಹೆದರುತ್ತಿದ್ದ ಮನುಷ್ಯ ಈ ಜ್ವರಕ್ಕೆ ಹೆದರಲಿಲ್ಲ. ಅಕ್ಕನ ಬೈಗುಳಕ್ಕೂ ಒಂದು ದಿನವೂ ಎದುರಾಡಲಿಲ್ಲ. ಮಗಳ ಮದುವೆ ಸಣ್ಣದಾಗಿ ಆಯಿತು, ಅಕ್ಕನ ಬಾಯಲ್ಲಿ ಅದಕ್ಕೂ ಸಂತೆ ಕುರಿ. ಮನೆಯ ಹಿಂಗೋಡೆ ಬಿದ್ದದ್ದು ಹಾಗೇ ಉಳಿಯಿತು, ಅದಕ್ಕೂ ಸಂತೆ ಕುರಿ. ನಾನು ಹೋದಾಗಲೆಲ್ಲ ಅಕ್ಕ ನನ್ನ ಮುಂದೆಯೇ ಅವರನ್ನು ಬೈಯುವಳು, ಆಮೇಲೆ ನನಗೆ ಉಪ್ಪಿಟ್ಟು ಮಾಡಿಕೊಡುವಳು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಭಾವ ಹಾಸಿಗೆ ಹಿಡಿದಿದ್ದರು. ಒಂದು ಮಧ್ಯಾಹ್ನ ಅಕ್ಕ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು, ಜಗಲಿಯಲ್ಲಿ ನಾವಿಬ್ಬರೇ. ನನಗೆ ತಡೆಯಲಾಗಲಿಲ್ಲ. "ಬಾವ, ಅವತ್ತು ನಾನು ಸುಳ್ಳೇಳ್ದೆ" ಅಂದೆ.

"ಗೊತ್ತು ಕಣ್ಲಾ."

"ಯಾವಾಗ ಗೊತ್ತಾಯ್ತು?"

"ಇಳ್ಸಿದಾಗ್ಲೇ. ಯಾವನ್ಲಾ ಕುರಿ ಬಾಲಕ್ಕೆ ಅರಿಸಿನ ಅಚ್ಚೋನು? ಅಣೆಗೆ ಅಚ್ತಾರೆ." ಅವರು ನಗಲು ಹೋಗಿ ಕೆಮ್ಮಿದರು.

"ಗೊತ್ತಿದ್ರೂ ಯಾಕ್ ಒಳೀಕ್ ಬುಟ್ರಿ?"

"ನಿಮ್ಮಕ್ಕ ನೋಡ್ತಿದ್ಲು ಕಣ್ಲಾ. ಅಷ್ಟ್ ಜನದ ಮುಂದೆ ಅವಳ್ ತವರು ಸುಳ್ಳು ಅಂತ ಎಂಗ್ ಅನ್ನಾನ? ನೆಂಟ್ರು ವೋಗ್ಲಿ, ವತ್ತಾರೆ ಬ್ಯಾರೆ ಮಾಡಾನ ಅನ್ಕಂಡೆ. ವತ್ತಾರೆ ಎದ್ರೆ ಅವ್ಳು ಆ ಕುರೀಗಳ್ ಮೈ ತಡವ್ತಾ ನಿಂತವ್ಳೆ. ನಾಳೆ ಮಾಡಾನ ಅಂದೆ. ನಾಳೆ, ನಾಡಿದ್ದು... ನಂದೂ ತಪ್ಪದೆ."

ನಾನು ಅವರ ಕಾಲು ಹಿಡಿದುಕೊಂಡೆ. ಅವರು ಎಳೆದುಕೊಂಡರು. "ನನ್ ಕಾಲ್ ಯಾಕ್ಲಾ ಇಡೀತೀಯ? ನಂಗೇನ್ ನೀನು ಮೋಸ ಮಾಡ್ನಿಲ್ಲ, ನಾನು ಗೊತ್ತಿದ್ದೇ ಬಾಗ್ಲು ತೆಗ್ದೋನು."

"ಅಕ್ಕಂಗೆ ಏಳ್ಬುಡ್ಲಾ?"

"ನಾನಿರೋಗಂಟ ಬ್ಯಾಡ. ನನ್ನ ಬೈಕಂಡು ಎಂಗೋ ಬದುಕ್ತಾವ್ಳೆ. ನಿನ್ನ ಬೈಯಂಗಾದ್ರೆ ಅವ್ಳಿಗೆ ತವರು ಎಲ್ಲದೆ? ನಾನ್ ವೋದ್ಮೇಲೆ ನಿನ್ ಇಷ್ಟ." ಅಕ್ಕ ಬಟ್ಟೆಯ ಬುಟ್ಟಿ ಹೊತ್ತು ಬರುವುದು ಕಂಡಿತು. ಭಾವ ಗೋಡೆಯ ಕಡೆ ಹೊರಳಿದರು.

ಮಳೆಗಾಲ ಹಿಡಿಯುವ ಮುಂಚೆ ಅವರು ತೀರಿಕೊಂಡರು. ಹೃದಯಕ್ಕೆ ಏನೋ ಆಗಿದೆ ಅಂದರು ಡಾಕ್ಟರು. ಆ ಜ್ವರದಿಂದಲೇ ಆಯಿತೋ ಬೇರೆಯೋ ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಮಣ್ಣು ಮಾಡುವಾಗ ಹಿಡಿ ಮಣ್ಣು ಹಾಕಿದೆ. ಅಕ್ಕ ಎದೆ ಬಡಿದುಕೊಂಡು, "ಆ ಸಂತೆ ಕುರಿ ತರ್ದೆ ಇದ್ದಿದ್ರೆ ಇನ್ನೂ ಇರ್ತಿದ್ದೆಯಲ್ಲೋ ದೊರೆ" ಎಂದು ಅತ್ತಳು. ಆ ದಿನ ಹೇಳಬಹುದಿತ್ತು. ತಿಥಿ ಕಳೆಯಲಿ ಅಂದುಕೊಂಡೆ.

ಈಗ ಅಕ್ಕ ನನ್ನ ಮನೆಯಲ್ಲೇ ಇದ್ದಾಳೆ. ಬಿದ್ದು ಸೊಂಟ ಮುರಿದ ಮೇಲೆ ನಾನೇ ಕರೆತಂದೆ. ನನ್ನ ಸೊಸೆಯರ ಮುಂದೆ, ತಮ್ಮನಂದ್ರೆ ಹಿಂಗಿರಬೇಕು ಎಂದು ಹೇಳಿಕೊಳ್ಳುತ್ತಾಳೆ. ಅವಳಿಗೆ ಓದು ಬರಹ ಬಾರದು. ಅವಳು ಓದಲಾರಳೆಂದು ತಿಳಿದೇ ಇದನ್ನು ಬರೆಯಲು ನನಗೆ ಧೈರ್ಯ ಬಂದದ್ದು ಎಂಬುದನ್ನೂ ಮುಚ್ಚಿಡುವುದಿಲ್ಲ. ನಿನ್ನೆ ಬಾಗಿಲ ಬಳಿ ಬಿಸಿಲಿಗೆ ಕೂತವಳು, "ಏನ್ಲಾ ಅದು, ಮೂರ್ ದಿನ್ದಿಂದ ಬರ್ದೇ ಬರೀತಿದೀಯ?" ಎಂದು ಕೇಳಿದಳು.

"ಬಾವನ್ ವಿಸ್ಯ" ಅಂದೆ.

ಅವಳ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಹೇಳಿದಳು, "ಬರಿ, ಬರಿ. ಒಳ್ಳೆ ಮನ್ಸ. ಆ ಸಂತೆ ಕುರಿ ಇಸ್ಯ ಒಂದು ಬರೀಬ್ಯಾಡ ಕಣಪ್ಪ. ಓದ್ದೋರು ಅವುರ್ನ ಏನಂದ್ಕಂಡಾರು."

"ಆಯ್ತಕ್ಕ" ಅಂದೆ.

ಭಾವ ಬದುಕಿದ್ದಾಗಲೇ ನನ್ನನ್ನು ಕ್ಷಮಿಸಿಬಿಟ್ಟರು. ಬಾಗಿಲ ಬಳಿ ಬಿಸಿಲು ಕಾಯಿಸುತ್ತಾ ಕೂತಿರುವ ಇವಳು, ನನ್ನಿಂದಾಗಿ ಗಂಡನಿಗೆ ಕೊನೆಯ ದಿನದವರೆಗೆ ಸಲ್ಲದ ಬೈಗುಳ ಬೈದವಳು, ನನ್ನ ಅಕ್ಕ. ಇವಳ ಹತ್ತಿರ ನಾನು ಇನ್ನೂ ಕ್ಷಮೆ ಕೇಳಿಲ್ಲ.